ರೇಟ್ 1 ಇಟ್ರೆ ಆ ಜೋಕ್ ನಿಜಾನೇ

ಜೋಕ್‌ನಲ್ಲಿ ಒಬ್ಬನ್ನ 9+10 ಎಷ್ಟು ಅಂದ್ರೆ 3 ಅಂತಾನೆ, ತಪ್ಪು 19 ಅಂತ ಹೇಳಿಕೊಟ್ಮೇಲೆ 20+20ಕ್ಕೂ 19 ಅಂತಾನೆ, ಮೆಷಿನ್ ಲರ್ನಿಂಗ್ (ಕಂಪ್ಯೂಟರ್ ಉದಾಹರಣೆ ನೋಡಿ ಕಲಿಯೋದು) ನಿಜವಾಗ್ಲೂ ಹೀಗೇನಾ ಅಂತ ಕೇಳಿದ್ರಲ್ಲ, ಅರ್ಧ ನಿಜ. ಈ ಜೋಕ್ ನಂಗೆ ತುಂಬಾ ಇಷ್ಟ. ಪ್ರಶ್ನೆನೇ ನೋಡದೆ ಒಂದೇ ಒಂದು ನಂಬರ್ ಹೇಳೋ ಪುಟಾಣಿ ಮಾಡೆಲ್ (ಉತ್ತರ ಊಹಿಸೋ ಪ್ರೋಗ್ರಾಂ) ತಗೊಳ್ಳಿ, 3 ಅಂದಾಗ ತಪ್ಪು 16, ಲರ್ನಿಂಗ್ ರೇಟ್ (ಒಂದು ಸಲಕ್ಕೆ ತಪ್ಪಿನ ಎಷ್ಟು ಪಾಲು ಸರಿಮಾಡ್ಕೋಬೇಕು ಅನ್ನೋದು) 0.01 ಇದ್ರೆ ಅದು ಚೂರೇ ಚೂರು ಸರಿದು 3.16 ಅನ್ನುತ್ತೆ, ಆಮೇಲೆ ಸುಮಾರು 3.32, ಅಮ್ಮ ಸಾರಿನ ರುಚಿ ನೋಡ್ತಾ ಚಿಟಿಕೆ ಚಿಟಿಕೆ ಉಪ್ಪು ಹಾಕ್ತಾರಲ್ಲ ಹಾಗೆ. ರೇಟ್ 1 ಇಟ್ರೆ ಒಂದೇ ಏಟಿಗೆ 19! ಜೋಕ್‌ನಲ್ಲಿರೋನು ಇವನೇ. ಕೂಡೋದು ನಿಜವಾಗಿ ಕಲೀಬೇಕು ಅಂದ್ರೆ ಎರಡು ನಂಬರ್‌ಗೂ ಒಂದೊಂದು ವೆಯ್ಟ್ (ಆ ನಂಬರನ್ನ ಗುಣಿಸೋ ಸಂಖ್ಯೆ) ಕೊಟ್ಟು ಬೇರೆ ಬೇರೆ ಲೆಕ್ಕ ತೋರಿಸಿ, ಎರಡೂ ನಿಧಾನಕ್ಕೆ 1ರ ಹತ್ತಿರ ಬರುತ್ವೆ, ಆಗ 20+20ಕ್ಕೆ 40 ತಾನಾಗೇ ಬರುತ್ತೆ.