ಸ್ಟೀಫನ್ ಗೇಟ್ಲಿ: ಬಾಯ್‌ಝೋನ್‌ನ ಇನ್ನೊಂದು ದನಿ

ನೀವು ಕೇಳಿದ್ದು ಇದು: ‘ಐರ್ಲೆಂಡಿನ ಬಾಯ್ ಬ್ಯಾಂಡ್ (ಹುಡುಗರ ಪಾಪ್ ತಂಡ) ಬಾಯ್‌ಝೋನ್ ಅಂದರೆ ಎಲ್ಲರೂ ಅದರ ಗಾಯಕ ರೋನನ್ ಕೀಟಿಂಗ್ ಹೆಸರು ಹೇಳುತ್ತಾರೆ. ಆದರೆ ಹಳೆಯ ಅಭಿಮಾನಿಗಳು 2009ರಲ್ಲಿ ತೀರಿಕೊಂಡ ಸ್ಟೀಫನ್ ಗೇಟ್ಲಿ ಬಗ್ಗೆಯೇ ಜಾಸ್ತಿ ಮಾತಾಡುತ್ತಾರೆ. ಅವನಲ್ಲಿ ಅಂಥದ್ದೇನಿತ್ತು? ತಾನು ಗೇ ಅಂತ ಹೇಳಿಕೊಂಡ ಅನ್ನುವುದಕ್ಕಷ್ಟೇ ಇಷ್ಟು ಪ್ರೀತಿಯಾ?’

ಅಲ್ಲ. ಮೊದಲು ಬರುವುದು ಅವನ ದನಿ. ಮಿಕ್ಕದ್ದೆಲ್ಲ ಆಮೇಲೆ. ಅವನ ಬಗ್ಗೆ ಬರೆಯುವವರು ಬಹಳಷ್ಟು ಸಲ ಇದನ್ನು ತಿರುಗುಮುರುಗು ಮಾಡುತ್ತಾರೆ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ನಾನು ಮಂಗಳೂರಿನವಳು. ಹೈಸ್ಕೂಲಿನಿಂದಲೇ ಚರ್ಚಿನ ಕ್ವಾಯರ್‌ನಲ್ಲಿ ಹಾಡುತ್ತಿದ್ದೆ. ನನಗೆ ಯಾವಾಗಲೂ ಸೆಕೆಂಡ್ ವಾಯ್ಸ್ ಕೊಡುತ್ತಿದ್ದರು. ಹಾಡಿನ ಮುಖ್ಯ ರಾಗ ಬೇರೆಯವರದು, ಅದಕ್ಕೆ ಜೊತೆಯಾಗಿ ಇನ್ನೊಂದು ಎಳೆ ಹಿಡಿದು ಹೋಗುವುದು ನಮ್ಮ ಕೆಲಸ. ಪೂಜೆಗೆ ಬಂದ ಜನಕ್ಕೆ ನಾವು ಹಾಡುತ್ತಿದ್ದೇವೆ ಅನ್ನುವುದೂ ಗೊತ್ತಾಗುವುದಿಲ್ಲ. ನಾವು ಬಾಯಿ ಮುಚ್ಚಿದರೆ ಮಾತ್ರ ಹಾಡು ಬಡವಾಗಿ ಕೇಳುತ್ತದೆ. ಹಾಗಾಗಿ ತೊಂಬತ್ತರ ದಶಕದಲ್ಲಿ ಚಾನೆಲ್ ವಿ, ಎಂಟಿವಿಯಲ್ಲಿ ಬಾಯ್‌ಝೋನ್ ಬರತೊಡಗಿದಾಗ ನನ್ನ ಕಿವಿ ಸುಮ್ನೆ ಹೋಗಿ ನಿಂತಿದ್ದು ಸ್ಟೀಫನ್ ಹತ್ತಿರ. ಗೆಳತಿಯರೆಲ್ಲ ರೋನನ್ ಕಡೆಯವರು. ಹಂಪನಕಟ್ಟೆಯಿಂದ ತಂದ ಕ್ಯಾಸೆಟ್ಟನ್ನು ಎಲ್ಲರೂ ಸರದಿಯ ಮೇಲೆ ಕೇಳುತ್ತಿದ್ದೆವು. ನಾನು ಅವನ ಸಾಲುಗಳಿಗೆ ಕಾಯುತ್ತಿದ್ದೆ.

ರೋನನ್ ದನಿ ಸ್ವಲ್ಪ ಒರಟು. ಉಸಿರು ಬೆರೆತು ಬರುತ್ತದೆ. ಒಂದೇ ಸಾಲಿನಲ್ಲಿ ಗುರುತು ಸಿಗುತ್ತದೆ. ಸ್ಟೀಫನ್ ದನಿ ತೆಳು, ಎತ್ತರ, ತಿಳಿ. ಅವನು ಪದವನ್ನು ಒತ್ತುವುದೇ ಇಲ್ಲ. ದುಃಖದ ಸಾಲನ್ನೂ ಅಳುಮುಖ ಮಾಡದೆ ಹೇಳಿಬಿಡುತ್ತಾನೆ. ಬಾಯ್‌ಝೋನ್ ಹಾಡಿದ್ದು ಹೆಚ್ಚಾಗಿ ನಿಧಾನದ ಪ್ರೇಮಗೀತೆಗಳು. ಅದರಲ್ಲೂ ಎಷ್ಟೋ ಹಾಡುಗಳು ಬೇರೆಯವರು ಆಗಲೇ ಹಾಡಿ ಗೆದ್ದಿದ್ದವು. ಅಂಥ ಹಾಡಿನಲ್ಲಿ ಒಂದೇ ದನಿ ಉದ್ದಕ್ಕೂ ಹಿಂಡುತ್ತಾ ಹೋದರೆ ಬೇಗ ಸಾಕಾಗುತ್ತದೆ. ರೋನನ್ ಬಿಗಿ ಹಿಡಿದ ಜಾಗದಲ್ಲಿ ಸ್ಟೀಫನ್ ಬಂದು ಗಾಳಿ ಆಡಿಸುತ್ತಾನೆ. 1994ರ ಕೊನೆಯಲ್ಲಿ ಬಂದ ‘ಲವ್ ಮಿ ಫಾರ್ ಎ ರೀಸನ್’ ಕೇಳಿ. ಅಮೆರಿಕದ ಓಸ್ಮಂಡ್ಸ್ ತಂಡ ಎಪ್ಪತ್ತರ ದಶಕದಲ್ಲಿ ಹಾಡಿದ ಹಾಡು ಅದು. ಬಾಯ್‌ಝೋನ್‌ನದು ಬ್ರಿಟನ್‌ನ ಮಾರಾಟ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೆ ಹೋಯಿತು. ಇಬ್ಬರೂ ಸಾಲುಗಳನ್ನು ಕೈ ಬದಲಾಯಿಸುವ ಜಾಗಗಳನ್ನು ಗಮನಿಸಿ. ಆ ತಂಡ ಗೆದ್ದದ್ದು ಯಾಕೆ ಅನ್ನುವುದು ಅಲ್ಲೇ ಇದೆ.

ಇನ್ನು ಅವನು ಬಂದ ಜಾಗ. ಹುಟ್ಟಿದ್ದು 1976ರ ಮಾರ್ಚ್ 17ರಂದು, ಡಬ್ಲಿನ್‌ನಲ್ಲಿ. ಅದು ಐರ್ಲೆಂಡಿನ ರಾಷ್ಟ್ರೀಯ ಹಬ್ಬ ಸೇಂಟ್ ಪ್ಯಾಟ್ರಿಕ್ಸ್ ಡೇ. ಬೆಳೆದದ್ದು ಶೆರಿಫ್ ಸ್ಟ್ರೀಟ್‌ನಲ್ಲಿ. ಬಂದರಿನ ಪಕ್ಕದ ಕಾರ್ಮಿಕರ ಕೇರಿ ಅದು. ಬಡತನ, ಕೆಲಸವಿಲ್ಲದ ಯುವಕರು, ಡ್ರಗ್ಸ್, ಎಲ್ಲ ಇದ್ದ ಜಾಗ. ಅಲ್ಲಿಂದ ಬಂದ, ಸಣ್ಣ ಮೈಕಟ್ಟಿನ, ನಾಚಿಕೆ ಸ್ವಭಾವದ ಹುಡುಗ ಇವನು. 1993ರಲ್ಲಿ ಲೂಯಿ ವಾಲ್ಷ್ ಎಂಬ ಮ್ಯಾನೇಜರ್ ಇಂಗ್ಲೆಂಡಿನ ‘ಟೇಕ್ ದಟ್’ ಬಾಯ್ ಬ್ಯಾಂಡಿಗೆ ಸಮನಾದ ಐರಿಷ್ ತಂಡ ಕಟ್ಟಬೇಕೆಂದು ಜಾಹೀರಾತು ಕೊಟ್ಟರು. ನೂರಾರು ಹುಡುಗರು ಬಂದರು. ಕೊನೆಗೆ ನಿಂತವರು ಐವರು: ರೋನನ್, ಸ್ಟೀಫನ್, ಕೀತ್ ಡಫಿ, ಶೇನ್ ಲಿಂಚ್, ಮೈಕಿ ಗ್ರಹಾಂ. ಶುರುವಿನಲ್ಲೇ, ಈ ಐವರು ಗಟ್ಟಿಯಾಗುವ ಮೊದಲೇ, ಐರ್ಲೆಂಡಿನ ದೊಡ್ಡ ಟಿವಿ ಕಾರ್ಯಕ್ರಮ ‘ದಿ ಲೇಟ್ ಲೇಟ್ ಶೋ’ಗೆ ತಂಡವನ್ನು ಕಳಿಸಿದರು. ಅಲ್ಲಿ ಹಾಡಲೇ ಇಲ್ಲ. ಮ್ಯೂಸಿಕ್ ಹಾಕಿ ಕುಣಿದರು ಅಷ್ಟೇ. ಆ ಕುಣಿತದ ಕ್ಲಿಪ್ ನೋಡಿ ಜನ ವರ್ಷಗಟ್ಟಲೆ ನಕ್ಕರು. ಅದೇ ತಂಡ ಮುಂದೆ ಬ್ರಿಟನ್‌ನಲ್ಲಿ ಆರು ಹಾಡುಗಳನ್ನು ಮೊದಲ ಸ್ಥಾನಕ್ಕೆ ಏರಿಸಿತು.

ಆ 1993ನೇ ಇಸವಿಯನ್ನು ಸ್ವಲ್ಪ ನೆನಪಿಡಿ. ಐರ್ಲೆಂಡಿನಲ್ಲಿ ಗಂಡಸರ ನಡುವಿನ ಸಂಬಂಧ ಅಪರಾಧ ಅನ್ನುವ ಕಾನೂನು ಹೋದದ್ದು ಅದೇ ವರ್ಷ. ಅಂದರೆ ಸ್ಟೀಫನ್‌ಗೆ ಹದಿನೇಳು ತುಂಬುವ ತನಕ ಅವನ ದೇಶದ ಕಾನೂನು ಪುಸ್ತಕದಲ್ಲಿ ಅವನಂಥವರು ಅಪರಾಧಿಗಳು. ಕಾನೂನು ಹೋದ ಕೆಲವೇ ತಿಂಗಳಿಗೆ ಅವನು ಲಕ್ಷಾಂತರ ಹುಡುಗಿಯರ ಕನಸಿನ ಹುಡುಗನಾಗುವ ಕೆಲಸಕ್ಕೆ ಸೇರಿದ. ಬಾಯ್ ಬ್ಯಾಂಡ್ ಹುಡುಗರು ಗರ್ಲ್‌ಫ್ರೆಂಡ್ ಇದ್ದರೂ ಮುಚ್ಚಿಡಬೇಕಿದ್ದ ಕಾಲ ಅದು. ಇವನು ಮುಚ್ಚಿಡಬೇಕಾದದ್ದು ಅದಕ್ಕಿಂತ ಎಷ್ಟೋ ದೊಡ್ಡದು. ಪ್ರತಿ ಸಂದರ್ಶನದಲ್ಲೂ ‘ನಿನಗೆ ಎಂಥ ಹುಡುಗಿ ಇಷ್ಟ’ ಅಂತ ಕೇಳುತ್ತಿದ್ದರು. ಅದಕ್ಕೆ ನಗುನಗುತ್ತ ಉತ್ತರ ಕೊಡಬೇಕು. ವರ್ಷಗಟ್ಟಲೆ.

1998ರಲ್ಲಿ ‘ನೋ ಮ್ಯಾಟರ್ ವಾಟ್’ ಬಂತು. ಆಂಡ್ರ್ಯೂ ಲಾಯ್ಡ್ ವೆಬರ್ ಅವರ ಒಂದು ಸಂಗೀತ ನಾಟಕದ ಹಾಡು, ಸಾಹಿತ್ಯ ಜಿಮ್ ಸ್ಟೈನ್‌ಮನ್ ಅವರದು. ಬ್ರಿಟನ್‌ನಲ್ಲೇ ಹತ್ತು ಲಕ್ಷಕ್ಕಿಂತ ಜಾಸ್ತಿ ಪ್ರತಿ ಮಾರಾಟವಾಯಿತು. ಬಾಯ್‌ಝೋನ್‌ನ ಅತಿ ದೊಡ್ಡ ಹಾಡು. ಯಾರು ಏನೇ ಅಂದರೂ ನಾನು ನಂಬಿದ್ದನ್ನು ಬಿಡುವುದಿಲ್ಲ ಅನ್ನುವುದು ಅದರ ತಿರುಳು. ಆಗ ನಮಗೆ ಅದು ಬರೀ ಪ್ರೇಮದ ಹಾಡು. ಸ್ಟೀಫನ್ ಆ ಮಾತುಗಳನ್ನು ಯಾವ ಸ್ಥಿತಿಯಲ್ಲಿ ನಿಂತು ಹಾಡುತ್ತಿದ್ದ ಅನ್ನುವುದು ಮುಂದಿನ ವರ್ಷ ತಿಳಿಯಿತು.

1999ರ ಜೂನ್. ಅವನ ಖಾಸಗಿ ಬದುಕಿನ ವಿಷಯವನ್ನು ಪತ್ರಿಕೆಗೆ ಮಾರಲು ಒಬ್ಬ ಹೊರಟಿದ್ದಾನೆ ಅನ್ನುವ ಸುದ್ದಿ ಅವನ ಕಿವಿಗೆ ಬಿತ್ತು. ಬೇರೆಯವರು ಬರೆಯುವ ಮೊದಲು ತಾನೇ ಹೇಳುವುದು ಅಂತ ನಿರ್ಧರಿಸಿದ. ‘ದಿ ಸನ್’ ಪತ್ರಿಕೆಗೆ ಮಾತಾಡಿದ. ತಾನು ಗೇ, ಮತ್ತು ಎಲಾಯ್ ಡಿ ಯಾಂಗ್ ಎಂಬ ಡಚ್ ಗಾಯಕನನ್ನು ಪ್ರೀತಿಸುತ್ತಿದ್ದೇನೆ ಅಂತ ಹೇಳಿದ. ಎಲಾಯ್ ಕೂಡ ಇನ್ನೊಂದು ಬಾಯ್ ಬ್ಯಾಂಡಿನವನೇ.

ಇಲ್ಲಿ ನನ್ನ ಒಂದು ಅಭಿಪ್ರಾಯ ಗಟ್ಟಿಯಾಗಿ ಹೇಳಬೇಕು. ‘ಸ್ಟೀಫನ್ ಧೈರ್ಯದಿಂದ ಮುಂದೆ ಬಂದ’ ಅಂತ ಸಲೀಸಾಗಿ ಬರೆದುಬಿಡುತ್ತಾರೆ. ಧೈರ್ಯ ಇತ್ತು, ನಿಜ. ಆದರೆ ಯಾವಾಗ ಹೇಳಬೇಕು, ಯಾರಿಗೆ ಮೊದಲು ಹೇಳಬೇಕು ಅನ್ನುವುದು ಅವನ ಹಕ್ಕಾಗಿತ್ತು. ಅದನ್ನು ಅವನಿಂದ ಕಿತ್ತುಕೊಂಡರು. ಇಪ್ಪತ್ತಮೂರು ವರ್ಷದ ಹುಡುಗ, ಕೆಲಸ ಹೋಗಬಹುದು, ಜೊತೆಯ ನಾಲ್ವರ ಕೆಲಸವೂ ಹೋಗಬಹುದು ಅನ್ನುವ ಭಯದಲ್ಲಿ ಮಾತಾಡಿದ. ಅದನ್ನು ಬರೀ ವೀರಗಾಥೆ ಮಾಡಿದರೆ ಅವನಿಗಾದ ಅನ್ಯಾಯ ಮರೆತುಹೋಗುತ್ತದೆ.

ಆದರೆ ಭಯಪಟ್ಟ ಹಾಗೆ ಆಗಲಿಲ್ಲ. ಅಭಿಮಾನಿಗಳು ಅವನ ಕೈ ಬಿಡಲಿಲ್ಲ. ತಂಡದ ನಾಲ್ವರೂ ಜೊತೆಗೆ ನಿಂತರು. ಬಾಯ್‌ಝೋನ್‌ನ ಹಿಟ್ ಹಾಡುಗಳ ಸಂಗ್ರಹ ಆ ಬೇಸಿಗೆಯಲ್ಲಿ ಬ್ರಿಟನ್‌ನಲ್ಲಿ ಮೊದಲ ಸ್ಥಾನದಲ್ಲಿತ್ತು. ಹದಿಹರೆಯದ ಹುಡುಗಿಯರ ಬಗ್ಗೆ ಮ್ಯಾನೇಜರುಗಳು ಇಟ್ಟುಕೊಂಡಿದ್ದ ಲೆಕ್ಕ ಸುಳ್ಳಾಯಿತು. ನಮ್ಮ ಪ್ರೀತಿ ಅಷ್ಟು ತೆಳ್ಳಗಿನದಲ್ಲ ಅಂತ ಈಗಲೂ ನನಗೆ ಹೆಮ್ಮೆ ಇದೆ.

ಮಂಗಳೂರಿನಲ್ಲಿ ಆ ಸುದ್ದಿ ನಮಗೆ ಬಂದದ್ದು ಇಂಗ್ಲಿಷ್ ಪೇಪರಿನ ಒಳಪುಟದಲ್ಲಿ. ನಾವು ಹುಡುಗಿಯರು ಒಂದು ವಾರ ಅದೇ ಮಾತಾಡಿ ಬಿಟ್ಟೆವು. ಕ್ವಾಯರ್‌ನಲ್ಲಿ ನಮ್ಮ ಜೊತೆ ಹಾಡುತ್ತಿದ್ದ ಒಬ್ಬ ಗೆಳೆಯ ಮಾತ್ರ ಆಗ ಏನೂ ಹೇಳಲಿಲ್ಲ. ಎಷ್ಟೋ ವರ್ಷಗಳ ಮೇಲೆ ಫೋನಿನಲ್ಲಿ ಅಂದ: ‘ನಿಮ್ಮ ಪೋಸ್ಟರಿನಲ್ಲಿ ಇದ್ದವನು ನನ್ನ ಹಾಗೇ ಅಂತ ಅವತ್ತು ಗೊತ್ತಾಯಿತು ಮಾರಾಯ್ತಿ. ಅದಕ್ಕೆ ಮೊದಲು ನಾನೊಬ್ಬನೇ ಅಂದುಕೊಂಡಿದ್ದೆ.’ ಸ್ಟೀಫನ್ ಮಾಡಿದ್ದು ಏನು ಅನ್ನುವುದು ನನಗೆ ಸರಿಯಾಗಿ ಅರ್ಥವಾದದ್ದು ಆ ಫೋನಿನಲ್ಲಿ. 377ನೇ ಸೆಕ್ಷನ್ ವಿಷಯದಲ್ಲಿ ನಮ್ಮ ಸುಪ್ರೀಂ ಕೋರ್ಟ್ ಸಲಿಂಗ ಸಂಬಂಧ ಅಪರಾಧವಲ್ಲ ಅಂತ ತೀರ್ಪು ಕೊಟ್ಟದ್ದು 2018ರಲ್ಲಿ. ಅಲ್ಲಿಯ ತನಕ ನನ್ನ ಗೆಳೆಯನಂಥವರಿಗೆ ಹಿಡಿದುಕೊಳ್ಳಲು ಇದ್ದದ್ದು ಇಂಥ ದೂರದ ಮುಖಗಳೇ ಅಲ್ವಾ?

2000ದಲ್ಲಿ ತಂಡ ನಿಂತುಹೋಯಿತು. ರೋನನ್ ಒಬ್ಬನೇ ಹಾಡಿ ಇನ್ನೂ ದೊಡ್ಡವನಾದ. ಸ್ಟೀಫನ್‌ನ ಮೊದಲ ಸೋಲೋ ಹಾಡು ‘ನ್ಯೂ ಬಿಗಿನಿಂಗ್’ ಮೂರನೇ ಸ್ಥಾನಕ್ಕೆ ಬಂತು. ‘ಬಿಲ್ಲಿ ಎಲಿಯಟ್’ ಸಿನಿಮಾದಲ್ಲಿ ಅವನ ‘ಐ ಬಿಲೀವ್’ ಇದೆ. ಆದರೆ ಒಂದೇ ಆಲ್ಬಂ ಆದ ಮೇಲೆ ರೆಕಾರ್ಡ್ ಕಂಪನಿ ಅವನನ್ನು ಬಿಟ್ಟಿತು. ಅವನು ನಾಟಕದ ಕಡೆ ತಿರುಗಿದ. ಲಂಡನ್‌ನ ವೆಸ್ಟ್ ಎಂಡ್‌ನಲ್ಲಿ ‘ಜೋಸೆಫ್’ ಸಂಗೀತ ನಾಟಕದ ನಾಯಕನಾದ. ಆಮೇಲೆ ‘ಚಿಟ್ಟಿ ಚಿಟ್ಟಿ ಬ್ಯಾಂಗ್ ಬ್ಯಾಂಗ್’ನಲ್ಲಿ ಮಕ್ಕಳನ್ನು ಹಿಡಿಯುವ ಕ್ರೂರಿಯ ಪಾತ್ರ ಮಾಡಿದ. ಅಷ್ಟು ಮುದ್ದು ಮುಖದವನು ಮಕ್ಕಳನ್ನು ಹೆದರಿಸುವ ಪಾತ್ರ ಒಪ್ಪಿಕೊಂಡದ್ದು ನನಗೆ ತುಂಬ ಇಷ್ಟ. 2006ರಲ್ಲಿ ಆಂಡ್ರ್ಯೂ ಕೌಲ್ಸ್ ಜೊತೆ ಕಾನೂನುಬದ್ಧವಾಗಿ ಒಂದಾದ.

2007ರ ಕೊನೆಗೆ ಐವರೂ ಮತ್ತೆ ಸೇರಿದರು. ಮುಂದಿನ ವರ್ಷ ‘ಬೆಟರ್’ ಹಾಡಿನ ವಿಡಿಯೊ ಬಂತು. ಅದರಲ್ಲಿ ಒಬ್ಬೊಬ್ಬರ ಜೊತೆ ಒಬ್ಬೊಬ್ಬ ಸಂಗಾತಿ. ನಾಲ್ವರ ಜೊತೆ ಹೆಣ್ಣು, ಸ್ಟೀಫನ್ ಜೊತೆ ಗಂಡು. ಅದಕ್ಕೆ ಬೇರೆ ಬೆಳಕಿಲ್ಲ, ಬೇರೆ ಸಂಗೀತ ಇಲ್ಲ, ವಿವರಣೆ ಇಲ್ಲ. ಉಳಿದವರು ಹೇಗೋ ಅವನೂ ಹಾಗೆ. ಬಾಯ್ ಬ್ಯಾಂಡ್ ವಿಡಿಯೊದಲ್ಲಿ ಇಂಥದ್ದು ಮೊದಲ ಸಲ ಅಂತ ಆಗ ಬರೆದರು. 1999ರಲ್ಲಿ ಅವನ ಕೈಯಿಂದ ಕಿತ್ತುಕೊಂಡದ್ದನ್ನು ಒಂಬತ್ತು ವರ್ಷದ ಮೇಲೆ ಅವನು ತನ್ನ ಇಷ್ಟದ ಹಾಗೆ, ತನ್ನ ಗೆಳೆಯರ ಮಧ್ಯದಲ್ಲೇ ನಿಂತು ಹೇಳಿದ. ನನ್ನ ಪ್ರಕಾರ ಅವನನ್ನು ನೆನೆಯಬೇಕಾದದ್ದು ಪತ್ರಿಕೆಯ ಆ ಮುಖಪುಟಕ್ಕಿಂತ ಈ ವಿಡಿಯೊಗೆ.

ಅದಾಗಿ ವರ್ಷ ತುಂಬಲಿಲ್ಲ. 2009ರ ಅಕ್ಟೋಬರ್ 10ರಂದು ಸ್ಪೇನಿನ ಮಯೋರ್ಕಾ ದ್ವೀಪದ ತನ್ನ ಮನೆಯಲ್ಲಿ ತೀರಿಕೊಂಡ. ಮೂವತ್ತಮೂರು ವರ್ಷ. ಶವಪರೀಕ್ಷೆಯಲ್ಲಿ ಶ್ವಾಸಕೋಶದಲ್ಲಿ ನೀರು ತುಂಬಿದ್ದು ಗೊತ್ತಾಯಿತು. ಯಾರಿಗೂ ತಿಳಿಯದೇ ಇದ್ದ ಹೃದಯದ ತೊಂದರೆ ಅದಕ್ಕೆ ಕಾರಣ. ಸಹಜ ಸಾವು. ನಾಲ್ವರೂ ಕೂಡಲೇ ಮಯೋರ್ಕಾಕ್ಕೆ ಹೋದರು. ಡಬ್ಲಿನ್‌ಗೆ ತಂದ ಮೇಲೆ, ಅಂತ್ಯಕ್ರಿಯೆಯ ಹಿಂದಿನ ರಾತ್ರಿ ಸೇಂಟ್ ಲಾರೆನ್ಸ್ ಓಟೂಲ್ ಚರ್ಚಿನೊಳಗೆ ಅವನ ಪೆಟ್ಟಿಗೆಯ ಪಕ್ಕ ಮಲಗಿ ಬೆಳಗು ಮಾಡಿದರು. ಅವನನ್ನು ಒಂಟಿಯಾಗಿ ಬಿಡಬಾರದು ಅಂತ. ಸಾವಿನ ಮನೆಯಲ್ಲಿ ರಾತ್ರಿಯಿಡೀ ಕೂರುವುದು ನಮ್ಮ ಕಡೆಯೂ ಇದೆ. ಹಾಗಾಗಿ ಆ ಸುದ್ದಿ ಓದಿದಾಗ ಅವರು ನನಗೆ ಪಾಪ್ ಸ್ಟಾರ್‌ಗಳಾಗಿ ಕಾಣಲಿಲ್ಲ, ಅಣ್ಣತಮ್ಮಂದಿರಾಗಿ ಕಂಡರು. ಮರುದಿನ ಅವರೇ ಹೆಗಲು ಕೊಟ್ಟರು. ಹೊರಗೆ ಬೀದಿ ತುಂಬ ಜನ.

ಅಂತ್ಯಕ್ರಿಯೆಗೆ ಒಂದು ದಿನ ಮುಂಚೆ ಬ್ರಿಟನ್‌ನ ‘ಡೈಲಿ ಮೇಲ್’ ಒಂದು ಅಂಕಣ ಹಾಕಿತು. ವೈದ್ಯರು ಸಹಜ ಸಾವು ಅಂದಿದ್ದರೂ, ಅವನು ಬದುಕಿದ ರೀತಿಗೂ ಸಾವಿಗೂ ನಂಟು ಹಾಕುವ ಬರಹ ಅದು. ಪತ್ರಿಕಾ ದೂರು ಆಯೋಗಕ್ಕೆ 25,000ಕ್ಕೂ ಹೆಚ್ಚು ದೂರುಗಳು ಹೋದವು. ಅಲ್ಲಿಯ ತನಕ ಒಂದೇ ಬರಹದ ಮೇಲೆ ಅಷ್ಟು ದೂರು ಯಾವತ್ತೂ ಬಂದಿರಲಿಲ್ಲ. ಸ್ಟೀಫನ್‌ನ ಸಂಗಾತಿ ಆಂಡ್ರ್ಯೂ ಕೌಲ್ಸ್ ಕೂಡ ದೂರು ಕೊಟ್ಟಿದ್ದ. 2010ರಲ್ಲಿ ಆಯೋಗ ದೂರನ್ನು ತಳ್ಳಿಹಾಕಿತು. ನನಗೆ ಇವತ್ತಿಗೂ ಅದರ ಮೇಲೆ ಸಿಟ್ಟಿದೆ. ಆದರೆ ಆ ಸಾವಿರಾರು ಜನ ಯಾರು? ಹತ್ತು ಹದಿನೈದು ವರ್ಷದ ಹಿಂದೆ ಪೋಸ್ಟರ್ ಅಂಟಿಸಿಕೊಂಡಿದ್ದ ಹುಡುಗಿಯರೂ ಅವರಲ್ಲಿ ಇದ್ದೇ ಇರುತ್ತಾರೆ, ಅದರಲ್ಲಿ ನನಗೆ ಸಂಶಯವಿಲ್ಲ. ಆ ಹೊತ್ತಿಗೆ ಅವರಿಗೆ ಕೆಲಸ, ಸಂಸಾರ, ಸಿಟ್ಟು ಮಾಡುವ ಶಕ್ತಿ ಎಲ್ಲ ಬಂದಿತ್ತು.

ಅವನು ಹೋಗಿ ಐದೂವರೆ ವರ್ಷದ ಮೇಲೆ, 2015ರ ಮೇ ತಿಂಗಳಲ್ಲಿ, ಐರ್ಲೆಂಡ್ ಜನಮತ ತೆಗೆದುಕೊಂಡು ಸಲಿಂಗ ಮದುವೆಗೆ ಒಪ್ಪಿಗೆ ಕೊಟ್ಟಿತು. ನೂರಕ್ಕೆ 62 ಜನ ಹೌದು ಅಂದರು. ಜನರೇ ಮತ ಹಾಕಿ ಇದನ್ನು ತಂದ ಮೊದಲ ದೇಶ ಅದು. ಒಬ್ಬ ಪಾಪ್ ಗಾಯಕನಿಂದ ಇದಾಯಿತು ಅಂತ ನಾನು ಹೇಳುವುದಿಲ್ಲ. ಅದಕ್ಕೆ ಎಷ್ಟೋ ಜನ ದಶಕಗಟ್ಟಲೆ ಹೋರಾಡಿದ್ದಾರೆ. ಆದರೆ ಮತ ಹಾಕಿದವರ ಒಂದು ತಲೆಮಾರು ಅವನ ಹಾಡು ಕೇಳುತ್ತಾ ದೊಡ್ಡದಾಗಿತ್ತು.

ಅವನು ಹೋದ ಮೇಲೆ ಬಂದ ಬಾಯ್‌ಝೋನ್‌ನ ‘ಬ್ರದರ್’ ಆಲ್ಬಂ ಬ್ರಿಟನ್‌ನಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಅವನು ಬರೆಯುತ್ತಿದ್ದ ಮಕ್ಕಳ ಕಾದಂಬರಿಯೂ 2010ರಲ್ಲೇ ಪ್ರಕಟವಾಯಿತು. 2018ರ ವಿದಾಯದ ಆಲ್ಬಮ್ಮಿನಲ್ಲೂ ಅವನು ಹಿಂದೆ ಹಾಡಿಟ್ಟಿದ್ದ ದನಿಯನ್ನು ಸೇರಿಸಿಕೊಂಡರು.

ನೀವು ಹೊಸದಾಗಿ ಕೇಳುವುದಾದರೆ ಮೊದಲು ‘ಲವ್ ಮಿ ಫಾರ್ ಎ ರೀಸನ್’, ಆಮೇಲೆ ‘ನೋ ಮ್ಯಾಟರ್ ವಾಟ್’, ಆಮೇಲೆ ‘ಐ ಬಿಲೀವ್’, ಕೊನೆಗೆ ‘ಬ್ರದರ್’ ಆಲ್ಬಮ್ಮಿನ ‘ಗೇವ್ ಇಟ್ ಆಲ್ ಅವೇ’ ಕೇಳಿ. ಸಾಯುವ ಮೊದಲು ರೆಕಾರ್ಡ್ ಮಾಡಿದ ಅವನ ದನಿ ಅದರಲ್ಲಿದೆ. ಫೋನಿನ ಸ್ಪೀಕರ್‌ನಲ್ಲಿ ಬೇಡ, ಒಳ್ಳೆಯ ಹೆಡ್‌ಫೋನ್ ಹಾಕಿಕೊಳ್ಳಿ. ಮುಖ್ಯ ರಾಗವನ್ನು ಸ್ವಲ್ಪ ಬಿಟ್ಟು ಅದರ ಜೊತೆಗೆ ಹೋಗುವ ಎಳೆಯ ಕಡೆ ಕಿವಿ ಕೊಡಿ. ಯಾವ ಸಾಲಿನಲ್ಲಿ ಅವನು ಸಿಕ್ಕಿದ ಅಂತ ನನಗೆ ಬರೆಯಿರಿ.