ಓದುಗರ ಪ್ರಶ್ನೆ: ಸೇತುವೆಯೇನೋ ಸರಿಯಿತ್ತು

ಪ್ರಶ್ನೆ: ಪತ್ರಿಕೆಗಳು ಸ್ಟ್ರಾಟಜಿಗೂ ರಣತಂತ್ರ ಅನ್ನುತ್ತವೆ, ಟ್ಯಾಕ್ಟಿಕ್ಸ್‌ಗೂ ರಣತಂತ್ರ ಅನ್ನುತ್ತವೆ. ಇವೆರಡರ ನಡುವೆ ಮೂರನೆಯದೊಂದು ಇದೆ ಎಂದು ಹಿಂದೊಮ್ಮೆ ಬರೆದಿದ್ದಿರಿ. ಏನದು? ಯಾರು ಕಂಡುಕೊಂಡರು?
(ಪದವಿ ವಿದ್ಯಾರ್ಥಿ, ಹಾಸನ)

ಉತ್ತರ: ಮೊದಲು ನನ್ನ ಮಾನ ಹೋದ ಕಥೆ ಹೇಳಿಬಿಡುತ್ತೇನೆ. ಸೈನ್ಯದಲ್ಲಿ ನಾನು ಸ್ಯಾಪರ್, ಅಂದರೆ ಸೇತುವೆ, ರಸ್ತೆ, ಮೈನ್‌ಗಳ ಕೆಲಸದವನು. ಲೆಫ್ಟಿನೆಂಟ್ ಆಗಿದ್ದಾಗ ಒಂದು ತಾಲೀಮಿನಲ್ಲಿ ರಾತ್ರೋರಾತ್ರಿ ಹೊಳೆಗೆ ಬೈಲಿ ಸೇತುವೆ, ಅಂದರೆ ಉಕ್ಕಿನ ಬಿಡಿಭಾಗ ಜೋಡಿಸಿ ಕಟ್ಟುವ ಸೇತುವೆ, ಹಾಕಬೇಕಿತ್ತು. ಹೊಳೆ ಎಲ್ಲಿ ಕಿರಿದಾಗಿದೆ ಎಂದು ಹುಡುಕಿ ಅಲ್ಲೇ ಹಾಕಿಸಿದೆ. ಗಡುವಿಗಿಂತ ನಲವತ್ತು ನಿಮಿಷ ಮೊದಲೇ ಮುಗಿಯಿತು. ಹುಡುಗರು ಚಹಾ ಕುಡಿಯುತ್ತಿದ್ದರು, ನಾನು ಬೀಗುತ್ತಿದ್ದೆ. ನಮ್ಮ ಪಡೆಯ ಮುಖ್ಯಾಧಿಕಾರಿ ಸಿ.ಓ. ಸಾಹೇಬರು ಬಂದು ಆಚೆ ದಡಕ್ಕೆ ಟಾರ್ಚ್ ಬಿಟ್ಟರು. “ಇಲ್ಲಿಂದ ಲಾರಿಗಳು ಎಲ್ಲಿಗೆ ಹೋಗಬೇಕಪ್ಪಾ?” ಎಂದರು. ಆಚೆ ಬರೀ ಸಡಿಲ ಮರಳು. ಮೊದಲ ಲಾರಿಯೇ ಹೂತುಕೊಂಡಿತು, ಹಿಂದಿನ ಸಾಲೆಲ್ಲ ನಿಂತುಹೋಯಿತು.

ಸೇತುವೆ ಹಾಕುವ ಕೈಚಳಕ ಟ್ಯಾಕ್ಟಿಕ್ಸ್. ಹೊಳೆಯಾಚೆ ಯಾಕೆ ಹೋಗಬೇಕು ಎನ್ನುವುದು ಸ್ಟ್ರಾಟಜಿ. ಎಲ್ಲಿ ದಾಟಿದರೆ ನಾಳಿನ ಕೆಲಸ, ನಾಡಿದ್ದಿನ ಕೆಲಸ ಒಂದಕ್ಕೊಂದು ಕೂಡಿಕೊಳ್ಳುತ್ತದೆ ಎಂಬ ಲೆಕ್ಕವೇ ನೀವು ಕೇಳಿದ ಮೂರನೆಯದು. ರಷ್ಯನ್ನರು ಅದಕ್ಕಿಟ್ಟ ಹೆಸರನ್ನು ಕನ್ನಡದಲ್ಲಿ ‘ಕಾರ್ಯಾಚರಣೆಯ ಕಲೆ’ ಅನ್ನಬಹುದು.

ಪ್ರಶ್ಯದ (ಹಳೆಯ ಜರ್ಮನ್ ರಾಜ್ಯ) ಯುದ್ಧ ಚಿಂತಕ ಕ್ಲಾಸೆವಿಟ್ಸ್‌ಗೆ ಎರಡೇ ಸಾಕಾಗಿತ್ತು. ಕಾಳಗದಲ್ಲಿ ಸೇನೆಯನ್ನು ಬಳಸುವುದು ಟ್ಯಾಕ್ಟಿಕ್ಸ್, ಯುದ್ಧದ ಗುರಿಗಾಗಿ ಕಾಳಗಗಳನ್ನು ಬಳಸುವುದು ಸ್ಟ್ರಾಟಜಿ. ಅವನದು ನೆಪೋಲಿಯನ್ ಕಾಲ. 1805ರ ಆಸ್ಟರ್ಲಿಟ್ಸ್ ಕಾಳಗ ಒಂದೇ ದಿನದಲ್ಲಿ ಮುಗಿದಿತ್ತು. ಆಮೇಲೆ ರೈಲು ಬಂತು, ಸೇನೆಗಳು ಲಕ್ಷಗಟ್ಟಲೆಗೆ ಬೆಳೆದವು. 1905ರಲ್ಲಿ ರಷ್ಯ, ಜಪಾನ್ ಸೇನೆಗಳು ಮಂಚೂರಿಯಾದ ಮುಕ್ಡೆನ್ ಬಳಿ ಎರಡು ವಾರಕ್ಕೂ ಹೆಚ್ಚು ಕಾಲ ಕಾದಾಡಿದವು. ಯಾವ ದಿಬ್ಬ ಹತ್ತಿದರೂ ಅಷ್ಟು ದೊಡ್ಡ ರಣರಂಗ ಒಬ್ಬನ ಕಣ್ಣಿಗೆ ಸಿಕ್ಕುವಂತಿರಲಿಲ್ಲ.

ಆ ಯುದ್ಧಕ್ಕೆ ಹೋಗಿಬಂದವರಲ್ಲಿ ಅಲೆಕ್ಸಾಂಡರ್ ಸ್ವೆಚಿನ್ ಒಬ್ಬರು. ಝಾರ್ ಸೇನೆಯಲ್ಲಿ ಜನರಲ್ ಆಗಿದ್ದವರು, ಕ್ರಾಂತಿಯ ನಂತರ ಸೋವಿಯತ್ ಕೆಂಪು ಸೇನೆಯ ಅಕಾಡೆಮಿಯಲ್ಲಿ ಮೇಷ್ಟ್ರಾದರು. 1920ರ ದಶಕದಲ್ಲಿ ಪಾಠ ಹೇಳುತ್ತಲೇ ಈ ಹೆಸರನ್ನು ಚಲಾವಣೆಗೆ ತಂದರು. ಅವರ ಮಾತಿನ ಸಾರ ಇಷ್ಟು: ಟ್ಯಾಕ್ಟಿಕ್ಸ್ ಹೆಜ್ಜೆ, ಹೆಜ್ಜೆಗಳು ಸೇರಿ ಒಂದು ನೆಗೆತ, ಅದೇ ಕಾರ್ಯಾಚರಣೆ, ಯಾವ ದಾರಿ ಹಿಡಿಯಬೇಕೆಂದು ತೋರಿಸುವುದು ಸ್ಟ್ರಾಟಜಿ.

ಹೆಜ್ಜೆ ಚೆನ್ನಾಗಿದ್ದೂ ನೆಗೆತ ಕೂಡಿಬರದಿದ್ದರೆ? ಮೊದಲ ಮಹಾಯುದ್ಧದಲ್ಲಿ, 1918ರ ಮಾರ್ಚ್ 21ರಂದು, ಜರ್ಮನ್ನರು ಫ್ರಾನ್ಸ್‌ನಲ್ಲಿ ಬ್ರಿಟಿಷ್ ಸಾಲನ್ನು ಒಡೆದರು. ವರ್ಷಗಟ್ಟಲೆ ಗಜಗಳಲ್ಲಿ ಅಳೆಯುತ್ತಿದ್ದ ನೆಲ, ಎರಡು ವಾರದಲ್ಲಿ ಅರವತ್ತು ಕಿಲೋಮೀಟರ್‌ನಷ್ಟು ದಕ್ಕಿತು. ಆದರೆ ಸೇನಾಪತಿ ಲೂಡೆನ್‌ಡಾರ್ಫ್ ಮೊದಲು ತೂತು ಬೀಳಲಿ, ಉಳಿದದ್ದು ಆಮೇಲೆ ನೋಡೋಣ ಎಂದುಕೊಂಡಿದ್ದ. ಬ್ರಿಟಿಷರ ಜೀವನಾಡಿಯಾಗಿದ್ದ ಆಮಿಯೇ ಎಂಬ ಊರಿನ ರೈಲ್ವೆ ಜಂಕ್ಷನ್ ಕೈಗೆ ಸಿಗುವ ಮೊದಲೇ ಪಡೆ ದಣಿದು ನಿಂತಿತು. ನನ್ನ ಲಾರಿ ನೆನಪಾಗುತ್ತದೆ.

ಸ್ವೆಚಿನ್ ಹೆಸರಿಟ್ಟರು, ಅದೇ ಕೆಂಪು ಸೇನೆಯ ಟ್ರಿಯಾಂಡಫಿಲೋವ್, ತುಖಾಚೆವ್‌ಸ್ಕಿ, ಇಸ್ಸರ್ಸನ್ ಅದನ್ನು ಬೆಳೆಸಿದರು. ಒಂದು ಪಡೆ ಸಾಲು ಒಡೆಯಬೇಕು, ಆ ಬಾಗಿಲಿನಿಂದ ಇನ್ನೊಂದು ಪಡೆ ನಿಲ್ಲದೆ ಒಳನುಗ್ಗಬೇಕು, ಶತ್ರು ಹಿಂದೆ ಇಟ್ಟುಕೊಂಡ ಮೀಸಲು ಪಡೆ ಮುಂದೆ ಬರುವಷ್ಟರಲ್ಲಿ ಅದರ ದಾರಿಯೇ ಕಟ್ಟಾಗಿರಬೇಕು. ಇವರ ಗತಿ ಓದಿದರೆ ಹೊಟ್ಟೆ ತೊಳಸುತ್ತದೆ. ಟ್ರಿಯಾಂಡಫಿಲೋವ್ 1931ರಲ್ಲಿ ವಿಮಾನ ಬಿದ್ದು ಸತ್ತರು. ಅದೇ ವರ್ಷ ಸ್ವೆಚಿನ್ ಮೇಷ್ಟ್ರ ಮೇಲೆ ದ್ರೋಹಿ ವಿಚಾರದವರೆಂದು ಬಹಿರಂಗವಾಗಿ ಹರಿಹಾಯ್ದವರಲ್ಲಿ ತುಖಾಚೆವ್‌ಸ್ಕಿಯೂ ಇದ್ದ. 1937ರಲ್ಲಿ ಸ್ಟಾಲಿನ್ ಅವನನ್ನೇ ಗುಂಡಿಕ್ಕಿಸಿದ, ಮರುವರ್ಷ ಮೇಷ್ಟ್ರನ್ನೂ. ಇಸ್ಸರ್ಸನ್ ಜೈಲು, ಗಡೀಪಾರು ಮುಗಿಸಿ ಹೊರಬರುವಾಗ 1955.

ಪಾಠ ಮಾತ್ರ ಉಳಿಯಿತು. 1944ರ ಜೂನ್‌ನಲ್ಲಿ ಬೆಲಾರೂಸ್‌ನ ಬಗ್ರಾತಿಯೋನ್ ಕಾರ್ಯಾಚರಣೆ ಓದಿ. ಟ್ಯಾಂಕ್ ಬರಲು ಸಾಧ್ಯವೇ ಇಲ್ಲ ಎಂದು ಜರ್ಮನ್ನರು ನಂಬಿದ್ದ ಜೌಗಿನಲ್ಲಿ ಸೋವಿಯತ್ ಜನರಲ್ ರೊಕೊಸೊವ್‌ಸ್ಕಿಯ ಪಡೆ ಮರದ ದಿಮ್ಮಿ ಹಾಸಿ ದಾರಿ ಮಾಡಿಕೊಂಡಿತು. ಎರಡು ವಾರ ತುಂಬುವ ಮೊದಲೇ, ಜುಲೈ 3ಕ್ಕೆ, ಬೆಲಾರೂಸ್‌ನ ರಾಜಧಾನಿ ಮಿನ್ಸ್ಕ್ ಕೈಸೇರಿತು. ಆ ರೊಕೊಸೊವ್‌ಸ್ಕಿಯೂ ಸ್ಟಾಲಿನ್‌ನ ಜೈಲು ಕಂಡು ಬಂದವನೇ.

ಪ್ರಶ್ನೆ: ಇಂಥದ್ದು ನಮ್ಮ ಸೈನ್ಯದಲ್ಲೂ ನಡೆದಿದೆಯೇ?
(ನಿವೃತ್ತ ಶಿಕ್ಷಕಿ, ಸೋಮವಾರಪೇಟೆ)

ಉತ್ತರ: ನಿಮ್ಮೂರಿನ ಕಡೆಯವರೇ ಮಾಡಿ ತೋರಿಸಿದ್ದಾರಲ್ಲ, ಅಮ್ಮ! ಪಾಕಿಸ್ತಾನದೊಡನೆ ನಡೆದ ಕಾಶ್ಮೀರ ಯುದ್ಧದಲ್ಲಿ, 1948ರ ಮೇನಲ್ಲಿ ಕಾರ್ಗಿಲ್, ಜೂನ್‌ನಲ್ಲಿ ದ್ರಾಸ್ ಕೈತಪ್ಪಿದ್ದವು, ಶ್ರೀನಗರದಿಂದ ಲೇಹ್‌ಗೆ ದಾರಿಯಿರಲಿಲ್ಲ. ಸೆಪ್ಟೆಂಬರ್‌ನಲ್ಲಿ ಜೋಜಿ ಲಾ ಕಣಿವೆಯ ಮೇಲೆ ಕಾಲಾಳುಗಳು ಮಾಡಿದ ದಾಳಿ ಸೋತಿತು. ಕೊಡಗಿನ ಜನರಲ್ ತಿಮ್ಮಯ್ಯನವರು ಹನ್ನೊಂದು ಸಾವಿರ ಅಡಿ ಮೀರಿದ ಆ ಎತ್ತರಕ್ಕೆ ಸ್ಟುವರ್ಟ್ ಟ್ಯಾಂಕ್‌ಗಳನ್ನು ತರಿಸಿದರು. ಗುಟ್ಟು ರಟ್ಟಾಗದಿರಲೆಂದು ಅವುಗಳ ಮೇಲಿನ ಗೋಪುರ ಬಿಚ್ಚಿ ಸಾಗಿಸಲಾಗಿತ್ತು. ನವೆಂಬರ್ 1ರಂದು ಟ್ಯಾಂಕ್‌ಗಳು ಕಣಿವೆ ದಾಟಿದವು. ಆದರೆ ಗುರಿ ಜೋಜಿ ಲಾ ಅಲ್ಲ, ಲೇಹ್ ದಾರಿ. ಅದಕ್ಕೇ ಪಡೆ ಅಲ್ಲಿ ನಿಲ್ಲದೆ ದ್ರಾಸ್ ಕಡೆಗೆ ನಡೆಯಿತು. ಆ ತಿಂಗಳೊಳಗೇ ಕಾರ್ಗಿಲ್ ಮರಳಿ ಬಂತು.

ಟ್ಯಾಂಕ್‌ಗಳ ಕಥೆ ಎಲ್ಲರಿಗೂ ಗೊತ್ತು. ಜೋಜಿ ಲಾ ಬುಡದಲ್ಲಿರುವ ಬಾಲ್ತಾಲ್‌ನಿಂದ ಮೇಲಕ್ಕೆ ಹೇಸರಗತ್ತೆ ಹೋಗುವ ಜಾಡನ್ನು ಟ್ಯಾಂಕ್ ಹತ್ತುವಂತೆ ಅಗಲ ಮಾಡಿದವರು ಮದ್ರಾಸ್ ಸ್ಯಾಪರ್‌ಗಳು. ಅವರ ಮನೆ ನಮ್ಮ ಬೆಂಗಳೂರಿನ ಹಲಸೂರು. ಇದನ್ನು ಹೇಳದೆ ಬಿಟ್ಟರೆ ಹಳೆಯ ಸ್ನೇಹಿತರು ನನ್ನನ್ನು ಕ್ಯಾಂಟೀನಿಗೆ ಸೇರಿಸುವುದಿಲ್ಲ.