ಅಕಾರಾದಿಯೂ ಎ-ಬಿ-ಸಿ-ಡಿಯೂ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪದ ಶಾಲೆಯೊಂದರಲ್ಲಿ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಈಗ ಪಿಎಸ್‌ಸಿ ಮತ್ತು ಬ್ಯಾಂಕ್ ಪರೀಕ್ಷೆಗಳಿಗೆ ಸಿದ್ಧತೆ ನಡೆಸುತ್ತಿದ್ದೇನೆ. ಐದು ಇಂಗ್ಲಿಷ್ ಪದಗಳನ್ನು ಕೊಟ್ಟು ನಿಘಂಟಿನ ಕ್ರಮದಲ್ಲಿ ಜೋಡಿಸಲು ಹೇಳುವ ಪ್ರಶ್ನೆಗಳಲ್ಲಿ, ಪದಗಳ ಅರ್ಥವೆಲ್ಲ ಗೊತ್ತಿದ್ದರೂ, ಹತ್ತಕ್ಕೆ ಮೂರು ನಾಲ್ಕು ತಪ್ಪಾಗುತ್ತವೆ. ಇದಕ್ಕಾಗಿ ಇಂಗ್ಲಿಷನ್ನು ಇನ್ನಷ್ಟು ಕಲಿಯಬೇಕೇ?

ಉತ್ತರ: ಬೇಕಾಗಿಲ್ಲ. ಈ ಪ್ರಶ್ನೆಯಲ್ಲಿ ಅರ್ಥಕ್ಕೆ ಕೆಲಸವೇ ಇಲ್ಲ. ಅರ್ಥ ಗೊತ್ತಿಲ್ಲದ ಪದವನ್ನೂ ಸರಿಯಾದ ಜಾಗದಲ್ಲಿ ಇಡಬಹುದು. ತಾವು ತಪ್ಪುತ್ತಿರುವುದು ಇಂಗ್ಲಿಷ್ ಕಡಿಮೆಯಾಗಿ ಅಲ್ಲ, ಕನ್ನಡದ ಅಕಾರಾದಿ ಕ್ರಮ ಮನಸ್ಸಿನಲ್ಲಿ ಗಟ್ಟಿಯಾಗಿ ಕುಳಿತಿರುವುದರಿಂದ ಎಂದು ನನಗನ್ನಿಸುತ್ತದೆ.

ನಮ್ಮ ನಿಘಂಟಿನಲ್ಲಿ ಪದವನ್ನು ಜೋಡಿಸುವುದು ಉಚ್ಚಾರಣೆಯ ಪ್ರಕಾರ. ಕ ಎಂಬ ಅಕ್ಷರದ ಕಾಗುಣಿತವೆಲ್ಲ ಮುಗಿದ ಮೇಲೆ, ಅಂದರೆ ಕಡಲು, ಕಾಡು, ಕಿವಿಗಳನ್ನು ದಾಟಿ ಕೌದಿಯವರೆಗೆ ಬಂದ ಮೇಲೆ, ಒತ್ತಕ್ಷರದ ಕ್ರಮ, ಕ್ಷಮೆಗಳ ಸರದಿ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲರ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿ ಅರ್ಥವೆಲ್ಲ ಇಂಗ್ಲಿಷಿನಲ್ಲಿದ್ದರೂ ಪದಗಳು ನಿಂತಿರುವುದು ಕನ್ನಡದ ಸಾಲಿನಲ್ಲಿಯೇ. ಇಂಗ್ಲಿಷಿನಲ್ಲಿ ಕಾಗುಣಿತವೂ ಇಲ್ಲ, ಒತ್ತೂ ಇಲ್ಲ. ಸ್ವರಗಳು ವ್ಯಂಜನಗಳ ನಡುವೆ ಚದುರಿಕೊಂಡಿವೆ. ಇಪ್ಪತ್ತಾರೂ ಒಂದೇ ಸಾಲು. ಆದ್ದರಿಂದ ‘ಕಪ್’ ಮತ್ತು ‘ಕ್ರಾಪ್’ ಎಂಬೆರಡು ಪದಗಳನ್ನು ಕೊಟ್ಟರೆ ಕನ್ನಡದ ಕಿವಿ ಕಪ್ಪನ್ನು ಮೊದಲಿಡುತ್ತದೆ, ಒತ್ತಿರುವ ಕ್ರಾಪನ್ನು ಕೊನೆಗೆ ತಳ್ಳುತ್ತದೆ. ಇಂಗ್ಲಿಷಿನಲ್ಲಿ ಎರಡಕ್ಕೂ ಮೊದಲಕ್ಷರ ಸಿ. ಎರಡನೆಯದು ಒಂದರಲ್ಲಿ ಯು, ಇನ್ನೊಂದರಲ್ಲಿ ಆರ್. ಆರ್ ಮುಂಚೆ ಬರುವುದರಿಂದ ಕ್ರಾಪೇ ಮೊದಲು. ‘ಸ್ಕೂಲ್’ ಮತ್ತು ‘ಸೀ’, ಅಂದರೆ ಸಮುದ್ರ, ಇವುಗಳಲ್ಲಿಯೂ ಹೀಗೆಯೇ: ಎಸ್ ಆದ ಮೇಲೆ ಸ್ಕೂಲಿಗೆ ಸಿ, ಸಮುದ್ರಕ್ಕೆ ಇ; ಸ್ಕೂಲ್ ಮೊದಲು. ಮಲಯಾಳ ಮಾಧ್ಯಮದಲ್ಲಿ ಓದಿದವರ ವರ್ಣಮಾಲೆಯೂ ಇದೇ ಬಗೆಯದಾದ್ದರಿಂದ ತಮ್ಮ ಪಕ್ಕದ ಬೆಂಚಿನವರಿಗೂ ಇದೇ ತೊಡಕಿದ್ದರೆ ಆಶ್ಚರ್ಯವಿಲ್ಲ.

ಇನ್ನು ಮೂಕಾಕ್ಷರಗಳ, ಉಚ್ಚಾರಣೆಗೆ ಹೊಂದದ ಅಕ್ಷರಗಳ ಕಾಟ. ‘ನೈಫ್’ ಇರುವುದು ಕೆ ವಿಭಾಗದಲ್ಲಿ, ‘ಅವರ್’, ಅಂದರೆ ಗಂಟೆ, ಇರುವುದು ಎಚ್‌ನಲ್ಲಿ, ‘ಸಿಟಿ’ ಸಿ ವಿಭಾಗದಲ್ಲಿ, ‘ಫೋನ್’ ಪಿ ವಿಭಾಗದಲ್ಲಿ. ಹಾಗಾಗಿ ಪದವನ್ನು ಬಾಯಲ್ಲಿ ಹೇಳಿಕೊಳ್ಳಬೇಡಿ, ಕಣ್ಣಿನಿಂದ ಒಂದೊಂದೇ ಅಕ್ಷರ ಹೆಕ್ಕಿರಿ. ಈ ಅಂಕಣದಲ್ಲಿ ನಾನು ಇಂಗ್ಲಿಷ್ ಪದಗಳನ್ನು ಕನ್ನಡ ಲಿಪಿಯಲ್ಲಿ ಬರೆಯುತ್ತಿದ್ದೇನಾದರೂ ತಾವು ಅಭ್ಯಾಸದ ಹಾಳೆಯಲ್ಲಿ ಆ ತಪ್ಪನ್ನು ಮಾಡಬಾರದು.

ನಮ್ಮ ತೋಟದಿಂದಲೇ ಒಂದು ಲೆಕ್ಕ ನೋಡೋಣ. (1) ಕೊಪ್ರ, (2) ಕೋಕನಟ್, (3) ಕಾಯರ್, ಅಂದರೆ ತೆಂಗಿನ ನಾರು, (4) ಕೊಕ್ಕೊ, (5) ಕಾಫಿ. ಇಂಗ್ಲಿಷಿನಲ್ಲಿ ಐದೂ ಸಿ, ಒ ಎಂದೇ ಆರಂಭವಾಗುತ್ತವೆ. ಅಲ್ಲಿ ನೋಡಿ ಪ್ರಯೋಜನವಿಲ್ಲ. ಐದನ್ನೂ ಒಂದರ ಕೆಳಗೊಂದರಂತೆ ಬರೆದು ಮೂರನೆಯ ಅಕ್ಷರದ ಕೆಳಗೆ ಗೆರೆ ಎಳೆಯಿರಿ: ಕ್ರಮವಾಗಿ ಪಿ, ಸಿ, ಐ, ಸಿ, ಎಫ್. ವರ್ಣಮಾಲೆಯಲ್ಲಿ ಇವೆಲ್ಲಕ್ಕಿಂತ ಕೊನೆಗೆ ಬರುವುದು ಪಿ, ಆದುದರಿಂದ ಕೊಪ್ರ ಕೊನೆಗೆ. ಅದಕ್ಕಿಂತ ಮೊದಲು ಕಾಯರ್, ಅದಕ್ಕೂ ಮೊದಲು ಕಾಫಿ. ಉಳಿದ ಕೋಕನಟ್ ಮತ್ತು ಕೊಕ್ಕೊಗಳ ಜಗಳ ನಾಲ್ಕನೆಯ ಅಕ್ಷರದಲ್ಲಿಯೂ ತೀರುವುದಿಲ್ಲ, ಎರಡೂ ಒ. ಐದನೆಯದರಲ್ಲಿ ಕೊಕ್ಕೊಗೆ ಎ, ಕೋಕನಟ್‌ಗೆ ಎನ್; ಕೊಕ್ಕೊ ಗೆದ್ದಿತು. ಪದಗಳ ಸಂಖ್ಯೆಗಳನ್ನು ಈ ಕ್ರಮದಲ್ಲಿ ಬರೆದರೆ ಉತ್ತರ 4, 2, 5, 3, 1.

ಇಲ್ಲಿಯೇ ಒಂದು ಗುಂಡಿ ಇದೆ, ಜಾಣರೂ ಅದಕ್ಕೆ ಬೀಳುತ್ತಾರೆ. ಕೆಲವರು ಪ್ರತಿಯೊಂದು ಪದದ ಎದುರು ಅದರ ಸ್ಥಾನವನ್ನು ಬರೆಯುತ್ತ ಹೋಗುತ್ತಾರೆ: ಕೊಪ್ರಕ್ಕೆ 5, ಕೋಕನಟ್‌ಗೆ 2, ಕಾಯರಿಗೆ 4, ಕೊಕ್ಕೊಗೆ 1, ಕಾಫಿಗೆ 3. ಜೋಡಣೆ ಸರಿ, ಆದರೆ 5, 2, 4, 1, 3 ಎಂಬುದು ಕೇಳಿದ ಉತ್ತರವಲ್ಲ, ಮತ್ತು ಪ್ರಶ್ನೆ ತೆಗೆಯುವವರು ಅದನ್ನೂ ಆಯ್ಕೆಗಳಲ್ಲಿ ಇಟ್ಟಿರಬಹುದು. ಅವಸರದಲ್ಲಿದ್ದರೆ ಕೊನೆಯ ಪದವನ್ನು ಮಾತ್ರ ಮೊದಲು ಗುರುತಿಸಿ, 1ರಲ್ಲಿ ಮುಗಿಯದ ಆಯ್ಕೆಗಳನ್ನೆಲ್ಲ ಹೊಡೆದುಹಾಕಿ. ಬಹಳ ಸಲ ಅರ್ಧ ಕೆಲಸ ಅಲ್ಲಿಗೇ ಮುಗಿಯುತ್ತದೆ. ಚಿಕ್ಕ ಪದವೊಂದು ದೊಡ್ಡದರ ಆರಂಭದಲ್ಲಿ ಪೂರ್ತಿ ಅಡಗಿದ್ದರೆ ಚಿಕ್ಕದೇ ಮೊದಲು: ಕಾರ್, ಕಾರ್ಡ್, ಕೇರ್, ಕೇರ್‌ಫುಲ್.

ಅಕ್ಷರಗಳ ಸ್ಥಾನ ಥಟ್ಟನೆ ಹೊಳೆಯದವರು ಇ, ಜೆ, ಒ, ಟಿ, ವೈ ಎಂಬ ಐದನ್ನು 5, 10, 15, 20, 25 ಎಂದು ಬಾಯಿಪಾಠ ಮಾಡಿಕೊಳ್ಳುವುದುಂಟು. ಎಲ್ಲರೂ ಹೇಳಿಕೊಡುವ ಉಪಾಯವಾದರೂ ಒಳ್ಳೆಯದೇ. 1604ರಲ್ಲಿ ಇಂಗ್ಲಿಷಿನ ಮೊದಲ ಏಕಭಾಷಾ ನಿಘಂಟನ್ನು ಹೊರತಂದ ರಾಬರ್ಟ್ ಕಾಡ್ರಿ ಎಂಬ ಅಧ್ಯಾಪಕರು ತಮ್ಮ ಓದುಗರಿಗೂ, ಅಂದರೆ ಇಂಗ್ಲಿಷಿನವರಿಗೇ, ವರ್ಣಮಾಲೆಯನ್ನು ಪುಸ್ತಕ ನೋಡದೆ ಕಲಿಯಬೇಕು, ಬಿ ಆರಂಭದ ಹತ್ತಿರ, ಎನ್ ನಡುವೆ, ಟಿ ಕೊನೆಯ ಕಡೆಗೆ ಎಂದು ತಿಳಿದಿರಬೇಕು ಎಂದು ವಿವರಿಸಬೇಕಾಯಿತು. ತಮಗೆ ಇದು ಕಷ್ಟವಾಗುತ್ತಿದ್ದರೆ ನಾಚಿಕೊಳ್ಳುವ ವಿಷಯವಲ್ಲ.

ಪ್ರಶ್ನೆ: ಐದನೆಯ ತರಗತಿಯ ಮಗನಿಗೆ ಈಗಿನಿಂದಲೇ ಇದರ ಅಭ್ಯಾಸ ಮಾಡಿಸಬೇಕೆಂದಿದ್ದೇನೆ. ಪುಸ್ತಕ ಯಾವುದು ಕೊಳ್ಳಲಿ? (ಕುಂಬಳೆಯಿಂದ ಒಬ್ಬ ತಾಯಿ)

ಉತ್ತರ: ಅಭ್ಯಾಸದ ಪುಸ್ತಕ ಬೇಡ, ಅಚ್ಚಾದ ಒಂದು ನಿಘಂಟು ಸಾಕು. ಮೊಬೈಲಿನಲ್ಲಿ ಪದ ಒತ್ತಿದರೆ ಅರ್ಥ ಬಂದುಬಿಡುವುದರಿಂದ ಪುಟ ಮಗುಚುವ ಕೈಗಳಿಗೆ ಕ್ರಮವೇ ಮರೆತುಹೋಗಿದೆ. ಪುಟದ ನೆತ್ತಿಯಲ್ಲಿ ಅಚ್ಚಾಗಿರುವ ಎರಡು ಪದಗಳನ್ನು, ಅಂದರೆ ಅಲ್ಲಿಯ ಮೊದಲ ಮತ್ತು ಕೊನೆಯ ಪದಗಳನ್ನು, ಓದಿ, ಹುಡುಕುವ ಪದ ಅವುಗಳ ನಡುವೆ ಇದೆಯೋ, ಮುಂದೋ, ಹಿಂದೋ ಎಂದು ಅವನಿಂದಲೇ ಹೇಳಿಸಿ. ಮೊಬೈಲು ಕೈಬಿಡದಿದ್ದರೆ ಅದನ್ನೇ ಬಳಸಿ: ಮನೆಯವರ ಹೆಸರುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಉಳಿಸಿಟ್ಟಿದ್ದರೆ ಪಟ್ಟಿ ತೆರೆಯುವ ಮೊದಲು ಯಾರು ಮೇಲೆ, ಯಾರು ಕೆಳಗೆ ಎಂದು ಕೇಳಿ. ಕನ್ನಡದಲ್ಲಿ ಅಕ್ಕ, ಅಜ್ಜ, ಅಜ್ಜಿ, ಅಣ್ಣ, ಅತ್ತೆ, ಅಪ್ಪ, ಅಮ್ಮ ಎಂದು ನಿಲ್ಲುವವರು ಅಲ್ಲಿ ಅಜ್ಜ, ಅಜ್ಜಿ, ಅಕ್ಕ, ಅಮ್ಮ, ಅಣ್ಣ, ಅಪ್ಪ, ಅತ್ತೆ ಎಂದು ನಿಂತಿರುತ್ತಾರೆ. ಅಪ್ಪನಿಗಿಂತ ಮುಂದಿದ್ದ ಅತ್ತೆ ಕೊನೆಗೆ ಹೋದದ್ದೇಕೆ ಎಂಬುದನ್ನು ಅವನೇ ಕಂಡುಕೊಳ್ಳಲಿ.